ಹಳೆಯ ಔಷಧಿ, ಹೊಸ ಕಾಯಿಲೆ: ವಾರ್ಡಿನ ಕಿರಿಯ ವೈದ್ಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಎಂ.ಡಿ. ಓದುತ್ತಾ ಹಗಲೂ ರಾತ್ರಿ ವಾರ್ಡು ನೋಡಿಕೊಳ್ಳುತ್ತಿರುವ ಕಿರಿಯ ವೈದ್ಯರಿಗೆ,



ಮಳೆಗಾಲ ಬಂತೆಂದರೆ ನಿಮ್ಮ ವಾರ್ಡುಗಳು ಡೆಂಗಿ ರೋಗಿಗಳಿಂದ ತುಂಬುತ್ತವೆ. ಮಳೆ ನಿಂತು ಚಳಿ ಬಿದ್ದ ಮೇಲೆ ಮಲೆನಾಡಿನ ಕಡೆಯಿಂದ ಮಂಗನ ಕಾಯಿಲೆಯವರು ಬರತೊಡಗುತ್ತಾರೆ. ನಡುನಡುವೆ ಎಚ್1ಎನ್1 ಬಂದು ಒಂದಷ್ಟು ಜನರನ್ನು ಐಸಿಯುಗೆ ತಳ್ಳುತ್ತದೆ. ಡೆಂಗಿಗಾಗಲಿ ಮಂಗನ ಕಾಯಿಲೆಗಾಗಲಿ ವೈರಸ್ಸನ್ನೇ ಹತ್ತಿಕ್ಕುವ ಖಚಿತ ಔಷಧಿ ನಿಮ್ಮ ಕೈಯಲ್ಲಿಲ್ಲ. ಡ್ರಿಪ್, ಆಮ್ಲಜನಕ, ಜ್ವರದ ಮಾತ್ರೆ, ಗಂಟೆಗೊಮ್ಮೆ ಬಿಪಿ, ಮೂತ್ರದ ಲೆಕ್ಕ, ರಕ್ತಪರೀಕ್ಷೆ, ಇಷ್ಟರಲ್ಲೇ ನೀವು ಜೀವ ಉಳಿಸುತ್ತಿದ್ದೀರಿ. ಅದು ಸಣ್ಣ ಕೆಲಸವಲ್ಲ. ಆದರೂ ರಾತ್ರಿ ರೌಂಡ್ಸಿನಲ್ಲಿ ರೋಗಿಯ ಕಡೆಯವರು ‘ಇನ್ನೇನಾದ್ರೂ ಕೊಡೋಕಾಗುತ್ತಾ ಡಾಕ್ಟ್ರೇ?’ ಎಂದು ಕೇಳಿದಾಗ ಮನಸ್ಸು ಔಷಧಿ ಬೀರುವಿನ ಕಡೆ ಓಡುತ್ತದೆ. ಅಲ್ಲಿ ಬೇರೆ ಯಾವುದೋ ಕಾಯಿಲೆಗೆಂದು ತಂದಿಟ್ಟ ಔಷಧಿಗಳಿವೆ. ಎಲ್ಲೋ ಒಂದು ಪತ್ರಿಕೆಯಲ್ಲಿ, ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವುಗಳ ಹೆಸರು ಕೇಳಿರುತ್ತೀರಿ. ಕೊಟ್ಟು ನೋಡೋಣ ಅನ್ನಿಸುತ್ತದೆ.

ಆ ಗಳಿಗೆಯ ಬಗ್ಗೆಯೇ ಈ ಪತ್ರ. ನಾನು ಹೇಳಬೇಕಾದದ್ದು ಇಷ್ಟೇ: ಹಳೆಯ ಔಷಧಿಯನ್ನು ಹೊಸ ಕಾಯಿಲೆಗೆ ಕೊಡುವುದಾದರೆ, ಅದರಿಂದ ಉಪಯೋಗವಾಯಿತೋ ಇಲ್ಲವೋ ಎಂಬುದು ಮುಂದಿನ ರೋಗಿ ಬರುವಷ್ಟರಲ್ಲಿ ಗೊತ್ತಾಗುವ ಹಾಗೆ ಕೊಡಿ. ಅಂದರೆ ರ‍್ಯಾಂಡಮೈಸ್ಡ್ ಟ್ರಯಲ್ಲಿನ ಒಳಗೆ ಕೊಡಿ. ಸುಮ್ಮನೆ ಕೊಟ್ಟು ನೋಡಬೇಡಿ. ಹಾಗೆ ಕೊಟ್ಟರೆ ಏನೂ ಕಾಣುವುದಿಲ್ಲ.

ಹಳೆಯ ಔಷಧಿಯ ಕಡೆ ಕೈ ಚಾಚುವುದು ತಪ್ಪೇನಲ್ಲ. ಹೊಸ ಔಷಧಿಯೊಂದು ಪ್ರಯೋಗಾಲಯದಿಂದ ರೋಗಿಯ ಹಾಸಿಗೆಯವರೆಗೆ ಬರಲು ಎಷ್ಟೋ ವರ್ಷ ಹಿಡಿಯುತ್ತದೆ. ಸಾಂಕ್ರಾಮಿಕ ಅಷ್ಟು ಕಾಯುವುದಿಲ್ಲ. ಹಳೆಯದರ ಡೋಸ್ ಗೊತ್ತು, ಅಡ್ಡಪರಿಣಾಮ ಗೊತ್ತು, ಕಿಡ್ನಿ ಸೋತವರಿಗೆ ಎಷ್ಟು ಕಡಿಮೆ ಮಾಡಬೇಕೆಂಬುದೂ ಗೊತ್ತು. ಏಡ್ಸ್‌ಗೆ ಮೊದಲ ಔಷಧಿಯಾಗಿ ಬಂದ ಎಝಡ್‌ಟಿಯನ್ನು 1964ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ತಯಾರಿಸಿದ್ದು ಕ್ಯಾನ್ಸರಿಗೆಂದು. ಅಲ್ಲಿ ಅದು ಕೆಲಸಕ್ಕೆ ಬಾರದೆ ಮೂಲೆ ಸೇರಿತ್ತು. ಎರಡು ದಶಕಗಳ ನಂತರ ಎಚ್‌ಐವಿಯ ಮೇಲೆ ಅದನ್ನು ಪರೀಕ್ಷಿಸಿದರು. 282 ರೋಗಿಗಳ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲಿ ಒಬ್ಬರು ತೀರಿಕೊಂಡಿದ್ದರೆ, ಪ್ಲಸೀಬೊ ಪಡೆದವರಲ್ಲಿ 19 ಮಂದಿ ತೀರಿಕೊಂಡಿದ್ದರು. 1986ರ ಸೆಪ್ಟೆಂಬರಿನಲ್ಲಿ ಆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಔಷಧಿ ಕೊಟ್ಟರು. 1987ರ ಮಾರ್ಚಿನಲ್ಲಿ ಅನುಮತಿಯೂ ಸಿಕ್ಕಿತು. ಮೂಲೆಯಲ್ಲಿದ್ದ ಔಷಧಿ ಹೊರಬಂದದ್ದು ಪರೀಕ್ಷೆಯ ಬಲದಿಂದ.

ಇಷ್ಟು ದೊಡ್ಡ ಅಂತರ ಕಾಣಸಿಗುವುದು ಅಪರೂಪ. ಹೆಚ್ಚಿನ ಸಲ ಅಂತರ ಸಣ್ಣದಿರುತ್ತದೆ. ನಮ್ಮ ಕಣ್ಣು ಮೋಸ ಹೋಗುವುದು ಅಲ್ಲೇ.

ಕೋವಿಡ್ಡಿನ ಮೊದಲ ತಿಂಗಳುಗಳನ್ನು ನೆನಪಿಸಿಕೊಳ್ಳಿ. ನಿಮ್ಮಲ್ಲಿ ಹಲವರು ಆಗ ಎಂಬಿಬಿಎಸ್ ಓದುತ್ತಿದ್ದಿರಿ. ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಎಂಬ ವಿಷಯದಲ್ಲಿ ಜಗತ್ತಿನ ಹಿರಿಯ ತಜ್ಞರೇ ಎರಡು ಪಾಲಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಸಲಹೆ, ಮಾಮೂಲಿಯಾಗಿ ಕೊಡಬೇಡಿ ಎಂದಿತ್ತು. ಐಸಿಯು ವೈದ್ಯರಲ್ಲಿ ಅನೇಕರು ಕೊಡುತ್ತಲೇ ಇದ್ದರು. ಇಬ್ಬರ ಬಳಿಯೂ ವಾದವಿತ್ತು, ಉತ್ತರವಿರಲಿಲ್ಲ. ಬ್ರಿಟನ್ನಿನಲ್ಲಿ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ಮುಂದಾಳುತನದಲ್ಲಿ 2020ರ ಮಾರ್ಚಿನಲ್ಲಿ ರಿಕವರಿ ಎಂಬ ಪ್ರಯೋಗ ಶುರುವಾಯಿತು. ಸುಮಾರು 175 ಆಸ್ಪತ್ರೆಗಳು, ಎಲ್ಲ ಕಡೆಯೂ ಒಂದೇ ಪ್ರೋಟೊಕಾಲ್. ರೋಗಿಯನ್ನು ಸೇರಿಸುವಾಗ ಒಂದು ಚಿಕ್ಕ ಫಾರ್ಮು, ಬಿಡುಗಡೆಯೋ ಸಾವೋ ಆದಾಗ ಅಥವಾ 28ನೇ ದಿನ ಇನ್ನೊಂದು. ಅದನ್ನು ತುಂಬಿದವರು ನಿಮ್ಮಂಥ ಕಿರಿಯ ವೈದ್ಯರು ಮತ್ತು ನರ್ಸುಗಳು, ಡ್ಯೂಟಿಯ ನಡುವೆಯೇ. ಮೂರೇ ತಿಂಗಳಲ್ಲಿ, ಜೂನ್ 16ಕ್ಕೆ, ಉತ್ತರ ಬಂತು.

ಆ ಉತ್ತರವನ್ನು ಹತ್ತಿರದಿಂದ ನೋಡೋಣ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಶೇ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಮಾತ್ರ ಉಪಯೋಗ ಕಾಣಲಿಲ್ಲ. ಔಷಧಿ ಪಡೆದವರಲ್ಲಿ ಶೇ 17.8, ಪಡೆಯದವರಲ್ಲಿ ಶೇ 14.0 ಸಾವು, ಅಂದರೆ ಹಾನಿಯ ಕಡೆಗೇ ಬೆರಳು ತೋರುವ ಅಂಕಿ. ಔಷಧಿ ಅದೇ, ಡೋಸ್ ಅದೇ, ಕಾಯಿಲೆಯೂ ಅದೇ. ಕೊಟ್ಟ ಹೊತ್ತು ಬೇರೆ. ಈ ಔಷಧಿ ವೈರಸ್ಸನ್ನು ಮುಟ್ಟುವುದಿಲ್ಲ. ವೈರಸ್ಸಿನ ವಿರುದ್ಧ ಕೆರಳಿ ತನ್ನದೇ ಶ್ವಾಸಕೋಶವನ್ನು ಹಾಳುಮಾಡಿಕೊಳ್ಳುವ ದೇಹದ ಉರಿಯೂತವನ್ನು ತಣಿಸುತ್ತದೆ. ಆ ಉರಿಯೂತ ಏಳುವ ಮೊದಲೇ ಕೊಟ್ಟರೆ, ದೇಹ ವೈರಸ್ಸಿನ ಜೊತೆ ಹೋರಾಡುತ್ತಿರುವಾಗ ಅದರ ಕೈ ಕಟ್ಟಿದಂತಾಗುತ್ತದೆ.

ಈಗ ಒಂದು ಲೆಕ್ಕ ಮಾಡಿ. ನಿಮ್ಮ ವಾರ್ಡಿನಲ್ಲಿ ಆಮ್ಲಜನಕದ ಮೇಲಿರುವ ನೂರು ರೋಗಿಗಳು. ಔಷಧಿ ಕೊಡದಿದ್ದರೆ 26 ಜನ ಹೋಗುತ್ತಾರೆ, ಕೊಟ್ಟರೆ 23. ಈ ಮೂರು ಜೀವಗಳ ವ್ಯತ್ಯಾಸವನ್ನು ಯಾವ ವೈದ್ಯನ ಅನುಭವವೂ, ಎಷ್ಟೇ ವರ್ಷದ್ದಾಗಿರಲಿ, ಹಾಸಿಗೆಯ ಪಕ್ಕ ನಿಂತು ಹಿಡಿಯಲಾರದು. ಒಂದು ವಾರ ವಯಸ್ಸಾದವರು ಹೆಚ್ಚು ಬಂದರೆ ಲೆಕ್ಕ ಆಚೀಚೆಯಾಗುತ್ತದೆ. ಆದರೆ ಇಡೀ ದೇಶಕ್ಕೆ ಹರಡಿ ನೋಡಿದರೆ ಆ ಮೂರು ಸಾವಿರಾರು ಮನೆಗಳಾಗುತ್ತವೆ.

ಇದರ ಇನ್ನೊಂದು ಮುಖ ಹೈಡ್ರಾಕ್ಸಿಕ್ಲೋರೊಕ್ವಿನ್. ಅದೇ ರಿಕವರಿ ಪ್ರಯೋಗದಲ್ಲಿ ಅದನ್ನು ಪಡೆದ ಆಸ್ಪತ್ರೆ ರೋಗಿಗಳಲ್ಲಿ ಶೇ 27, ಪಡೆಯದವರಲ್ಲಿ ಶೇ 25 ಸಾವಾಗಿತ್ತು. ಉಪಯೋಗವಿಲ್ಲ. ಆದರೆ ಅದನ್ನು ಕೊಟ್ಟ ವೈದ್ಯರ ಕಣ್ಣಿಗೆ ಏನು ಕಂಡಿರಬೇಕು ಯೋಚಿಸಿ. ನೂರರಲ್ಲಿ 73 ಜನ ಬದುಕುಳಿದರು! ಗುಣವಾದವರು ಕೈಮುಗಿದು ಹೋದರು, ಮನೆಯವರು ಹಾರೈಸಿದರು. ಕೊಡದಿದ್ದರೂ 75 ಜನ ಬದುಕುಳಿಯುತ್ತಿದ್ದರೆಂಬುದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕೊಟ್ಟೆ, ಗುಣವಾಯಿತು ಎಂಬ ನಂಬಿಕೆ ಬೆಳೆಯುವುದು ಹೀಗೆ. ಅದು ಸುಳ್ಳುಗಾರರ ನಂಬಿಕೆಯಲ್ಲ, ಒಳ್ಳೆಯ ವೈದ್ಯರ ನಂಬಿಕೆ. ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಆ ನಂಬಿಕೆಯ ಭರಾಟೆಯಲ್ಲಿ 2020ರ ಬೇಸಿಗೆಯಲ್ಲಿ ನಮ್ಮ ದೇಶದ ಲೂಪಸ್ ಮತ್ತು ಸಂಧಿವಾತದ ರೋಗಿಗಳು, ವರ್ಷಗಟ್ಟಲೆಯಿಂದ ಆ ಮಾತ್ರೆಯ ಮೇಲೇ ಬದುಕಿದ್ದವರು, ಅದಕ್ಕಾಗಿ ಅಂಗಡಿ ಅಂಗಡಿ ಅಲೆದರು.

ಕ್ಲೋರೊಕ್ವಿನ್ ವಂಶದ ಕಥೆ ಕೋವಿಡ್ಡಿಗೆ ಹೊಸದೂ ಅಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಎಷ್ಟೋ ವೈರಸ್ಸುಗಳನ್ನು ತಡೆದಿದೆ. ವಿಯೆಟ್ನಾಮಿನಲ್ಲಿ 307 ಡೆಂಗಿ ರೋಗಿಗಳಲ್ಲಿ ಪರೀಕ್ಷಿಸಿದರು. ರಕ್ತದಲ್ಲಿ ವೈರಸ್ ಇರುವ ಅವಧಿ ಕಡಿಮೆಯಾಗಲಿಲ್ಲ. 2006ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಚಿಕುನ್‌ಗುನ್ಯಾಕ್ಕೆ ಕೊಟ್ಟರು. ಲಾಭವಾಗಲಿಲ್ಲ, ತಿಂಗಳುಗಳ ನಂತರವೂ ಕೀಲುನೋವು ಉಳಿದವರು ಔಷಧಿ ಪಡೆದವರಲ್ಲೇ ಹೆಚ್ಚಿದ್ದರು. ಅದೇ 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳಾಗಿದ್ದವು. ಊರಿಗೆ ಊರೇ ಗಂಟು ನೋವಿನಿಂದ ಕುಂಟುತ್ತಿದ್ದ ಆ ವರ್ಷ ನಮ್ಮಲ್ಲಿ ಸಾಲುಗಟ್ಟಿ ಚೀಟಿ ಬರೆದೆವು. ಏಳು ಲಕ್ಷದಲ್ಲಿ ಏಳುನೂರು ಜನರನ್ನು ಒಂದು ಸರಿಯಾದ ಪ್ರಯೋಗಕ್ಕೆ ಸೇರಿಸಿದ್ದರೆ, ಯಾವ ಮಾತ್ರೆ ನೋವು ಕಳೆಯುತ್ತದೆ ಎಂಬುದಕ್ಕೆ ಕರ್ನಾಟಕವೇ ಜಗತ್ತಿಗೆ ಉತ್ತರ ಕೊಡಬಹುದಿತ್ತು.

ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಸೋಲಲು ಕಾರಣಗಳಿವೆ. ಐವರ್ಮೆಕ್ಟಿನ್ ಕೋಶಗಳಲ್ಲಿ ಕೊರೊನಾ ವೈರಸ್ಸನ್ನು ತಡೆದದ್ದು ನಿಜ. ಆದರೆ ಅಲ್ಲಿ ಬಳಸಿದ ಸಾಂದ್ರತೆ, ಮನುಷ್ಯ ಮಾಮೂಲಿ ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬ್ರೆಜಿಲಿನಲ್ಲಿ 1,358 ರೋಗಿಗಳ ಪ್ರಯೋಗ ಮುಗಿದು 2022ರಲ್ಲಿ ಫಲಿತಾಂಶ ಬಂದಾಗ, ಆಸ್ಪತ್ರೆ ಸೇರುವುದನ್ನು ಅದು ತಪ್ಪಿಸುವುದಿಲ್ಲ ಎಂಬುದು ಖಚಿತವಾಯಿತು. ಅಷ್ಟರಲ್ಲಿ ನಮ್ಮ ಎರಡನೇ ಅಲೆಯೇ ಕಳೆದುಹೋಗಿತ್ತು. ಹಾಗಾಗಿ ‘ಲ್ಯಾಬಿನಲ್ಲಿ ವೈರಸ್ ಸತ್ತಿದೆ’ ಎಂಬ ಸುದ್ದಿ ಬಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಸಾಂದ್ರತೆಯಲ್ಲಿ? ಎರಡನೆಯದು: ಕಾಯಿಲೆಯ ಎಷ್ಟನೇ ದಿನ?

ಎರಡನೇ ಅಲೆ ಎಂದೆ. 2021ರ ಮೇ ತಿಂಗಳಲ್ಲಿ ನಮ್ಮ ಇಎನ್‌ಟಿ ವಾರ್ಡುಗಳು ಕಪ್ಪು ಶಿಲೀಂಧ್ರದ ರೋಗಿಗಳಿಂದ ತುಂಬಿದ್ದನ್ನು ನೋಡಿದವರು ಮರೆಯಲಾರರು. ಕಣ್ಣು ತೆಗೆಯಬೇಕಾಯಿತು, ದವಡೆ ತೆಗೆಯಬೇಕಾಯಿತು. ಅದಕ್ಕೆ ಮುಖ್ಯ ಕಾರಣಗಳು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟೀರಾಯ್ಡ್. ಆಮ್ಲಜನಕ ಬೇಡವಾಗಿದ್ದವರಿಗೂ ಮೊದಲ ದಿನದಿಂದಲೇ ಬರೆದುಕೊಟ್ಟರು, ಆರು ಮಿಲಿಗ್ರಾಂ ಬದಲು ಹಲವು ಪಟ್ಟು ಕೊಟ್ಟರು, ಹತ್ತು ದಿನ ಮೀರಿಯೂ ಮುಂದುವರಿಸಿದರು. ಪ್ರಯೋಗ ಹೇಳಿದ್ದು ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಮೂರನ್ನೂ. ನಾವು ಔಷಧಿಯ ಹೆಸರನ್ನು ಮಾತ್ರ ಎತ್ತಿಕೊಂಡೆವು. ಪರೀಕ್ಷೆಯಲ್ಲಿ ಗೆದ್ದ ಔಷಧಿಯೂ ಪರೀಕ್ಷೆಯ ಚೌಕಟ್ಟು ದಾಟಿದರೆ ಕೊಲ್ಲುತ್ತದೆ.

ಪರೀಕ್ಷೆ ಮಾಡದೆ ಬಿಟ್ಟರೆ ಪ್ರಶ್ನೆ ಎಷ್ಟು ಕಾಲ ಹಾಗೇ ಉಳಿಯುತ್ತದೆ ಎಂಬುದಕ್ಕೆ ನಿಫಾ ಸಾಕ್ಷಿ. 1998–99ರಲ್ಲಿ ಮಲೇಷ್ಯಾದಲ್ಲಿ ನಿಫಾ ಬಂದಾಗ ಅಲ್ಲಿನ ವೈದ್ಯರು 140 ರೋಗಿಗಳಿಗೆ ರೈಬವಿರಿನ್ ಕೊಟ್ಟರು; ಅವರಲ್ಲಿ ಶೇ 32 ಸಾವು. ಹೋಲಿಕೆಗೆ ಇದ್ದ 54 ಜನರಲ್ಲಿ ಶೇ 54 ಸಾವು. ಕೇಳಲು ಆಶಾದಾಯಕ. ಆದರೆ ಆ 54 ಜನ, ಔಷಧಿ ಬರುವ ಮೊದಲೇ ಆಸ್ಪತ್ರೆಗೆ ಬಂದವರು ಅಥವಾ ಬೇಡವೆಂದವರು. ಕಾಯಿಲೆ ಏನೆಂದೇ ತಿಳಿಯದ ದಿನಗಳಲ್ಲಿ ಬಂದವರನ್ನೂ, ಎಲ್ಲ ತಿಳಿದು ಆರೈಕೆ ಸುಧಾರಿಸಿದ ಮೇಲೆ ಬಂದವರನ್ನೂ ಹೋಲಿಸಿದರೆ ಉಳಿಸಿದ್ದು ಔಷಧಿಯೋ ಆರೈಕೆಯೋ ಹೇಳುವುದು ಹೇಗೆ? ಮುಂದೆ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ರೈಬವಿರಿನ್ ಜೀವ ಉಳಿಸಲಿಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿಕೊಂಡಾಗ ಕೇರಳದ ವೈದ್ಯರ ಮುಂದೆ ಇದ್ದದ್ದು ಅದೇ ಔಷಧಿ, ಅದೇ ಅನುಮಾನ. ಸುಮಾರು ಇಪ್ಪತ್ತು ವರ್ಷಗಳ ಅಂತರದಲ್ಲಿ ತಿಳಿವಳಿಕೆ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

‘ಇದೆಲ್ಲ ಇಂಗ್ಲೆಂಡಿಗೆ ಸರಿ, ನಮ್ಮ ಜಂಗುಳಿಯಲ್ಲಿ ಆಗುವ ಕೆಲಸವಲ್ಲ’ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಆಗುತ್ತದೆ, ಆಗಿದೆ. 2020ರ ಏಪ್ರಿಲ್ 22ರಿಂದ ಜುಲೈ 14ರವರೆಗೆ, ಲಾಕ್‌ಡೌನಿನ ನಡುವೆಯೇ, ಐಸಿಎಂಆರ್ ದೇಶದ 39 ಆಸ್ಪತ್ರೆಗಳಲ್ಲಿ 464 ಕೋವಿಡ್ ರೋಗಿಗಳ ಮೇಲೆ ಪ್ಲಾಸ್ಮಾ ಚಿಕಿತ್ಸೆಯನ್ನು ಪರೀಕ್ಷಿಸಿತು. ಗುಣವಾದವರ ರಕ್ತದ ಪ್ಲಾಸ್ಮಾ ಕೊಡುವುದು ನೂರು ವರ್ಷ ಹಳೆಯ ಉಪಾಯ. ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18 ಜನರಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಸಾವು ಬಂತು. ವ್ಯತ್ಯಾಸವಿಲ್ಲ. ಬ್ರಿಟನ್ನಿನ ದೊಡ್ಡ ಪ್ರಯೋಗ ಇದನ್ನೇ ಹೇಳುವುದಕ್ಕೆ ತಿಂಗಳುಗಳ ಮೊದಲೇ ನಮ್ಮ ವೈದ್ಯರು ಹೇಳಿದ್ದರು. ದುಃಖದ ಸಂಗತಿಯೆಂದರೆ ನಾವೇ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 2021ರ ಮೇ ತಿಂಗಳಲ್ಲಿ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಡುವವರೆಗೂ, ಗಂಡನನ್ನು ಐಸಿಯುನಲ್ಲಿ ಬಿಟ್ಟು ಹೆಂಡತಿಯರು ಪ್ಲಾಸ್ಮಾ ದಾನಿಗಳಿಗಾಗಿ ಫೋನ್ ಮೇಲೆ ಫೋನ್ ಮಾಡುತ್ತಲೇ ಇದ್ದರು.

ಕಾನೂನೂ ನೀವು ಅಂದುಕೊಂಡಷ್ಟು ಅಡ್ಡಗಾಲಲ್ಲ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಈಗಾಗಲೇ ಅನುಮತಿ ಇರುವ ಔಷಧಿಯನ್ನು ಹೊಸ ಕಾಯಿಲೆಗೆ ಬರೀ ಶೈಕ್ಷಣಿಕ ಉದ್ದೇಶಕ್ಕೆ ಪರೀಕ್ಷಿಸುವುದಾದರೆ ದೆಹಲಿಯ ಅನುಮತಿಗೆ ಕಾಯಬೇಕಿಲ್ಲ. ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ ಮೊದಲೇ ಒಪ್ಪಿರಬೇಕು. ಪ್ರಯೋಗವನ್ನು ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ಫಲಿತಾಂಶವನ್ನು ಮಾರಾಟದ ಪ್ರಚಾರಕ್ಕೆ ಬಳಸಬಾರದು. ಹಳೆಯ ಔಷಧಿಗೆ ಪೇಟೆಂಟ್ ಇಲ್ಲ, ಲಾಭವಿಲ್ಲ, ಆದ್ದರಿಂದ ಕಂಪನಿಗಳು ಇದಕ್ಕೆ ಹಣ ಹೂಡುವುದಿಲ್ಲ. ಈ ಕೆಲಸ ನಡೆದರೆ ಸರ್ಕಾರಿ ಮತ್ತು ಬೋಧನಾ ಆಸ್ಪತ್ರೆಗಳಲ್ಲೇ ನಡೆಯಬೇಕು.

ಅದಕ್ಕೆ ಬೇಕಾದ ಶ್ರಮವನ್ನು ನೀವು ಈಗಾಗಲೇ ಹಾಕುತ್ತಿದ್ದೀರಿ. ಎಂ.ಡಿ. ಮುಗಿಸಲು ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು. ಸಿನಾಪ್ಸಿಸ್ ಸಲ್ಲಿಸುವ ಗಡಿಬಿಡಿ, ಗೈಡ್ ಹೇಳಿದ ವಿಷಯ, ಅರವತ್ತೋ ನೂರೋ ರೋಗಿಗಳು, ಎಸ್‌ಪಿಎಸ್‌ಎಸ್‌ನಲ್ಲಿ ಕೂಡಿಸಿ ಕಳೆದ ಒಂದು ಪಿ ಮೌಲ್ಯ, ಆಮೇಲೆ ಲೈಬ್ರರಿಯ ಕಪಾಟು. ಅರವತ್ತು ರೋಗಿಗಳಲ್ಲಿ 26ಕ್ಕೂ 23ಕ್ಕೂ ಇರುವ ವ್ಯತ್ಯಾಸ ಎಂದಿಗೂ ಕಾಣುವುದಿಲ್ಲ. ಅದೇ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬಳ್ಳಾರಿ, ಮಂಗಳೂರು, ಶಿವಮೊಗ್ಗ, ಬೆಂಗಳೂರುಗಳ ವಿದ್ಯಾರ್ಥಿಗಳು ಒಂದೇ ಪ್ರೋಟೊಕಾಲ್ ಹಿಡಿದು, ಒಂದೇ ಫಾರ್ಮು ತುಂಬಿ, ಒಂದೇ ಕಡೆ ಹಂಚಿಕೆ ಮಾಡಿಸಿದರೆ ಎರಡು ಮಳೆಗಾಲದಲ್ಲಿ ಸಾವಿರಾರು ಡೆಂಗಿ ರೋಗಿಗಳ ಪ್ರಯೋಗವಾಗುತ್ತದೆ. ಒಬ್ಬರು ಅದರೊಳಗೆ ಯಕೃತ್ತಿನ ಬಗ್ಗೆ ಥೀಸಿಸ್ ಬರೆಯಲಿ, ಇನ್ನೊಬ್ಬರು ಸಕ್ಕರೆ ಕಾಯಿಲೆಯವರ ಬಗ್ಗೆ, ಮತ್ತೊಬ್ಬರು ಗರ್ಭಿಣಿಯರ ಸುರಕ್ಷತೆಯ ಬಗ್ಗೆ. ಥೀಸಿಸ್ ನಿಮ್ಮದೇ ಆಗಿರುತ್ತದೆ, ಉತ್ತರ ಎಲ್ಲರದಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಒಪ್ಪಿಗೆ ಪಡೆಯುವ ಮಾತು. ‘ನಮ್ಮೋರ ಮೇಲೆ ಪ್ರಯೋಗ ಮಾಡ್ತೀರಾ?’ ಎಂದು ತಾಯಿಯೊಬ್ಬಳು ಕೇಳಿದರೆ ತಲೆ ತಗ್ಗಿಸಬೇಡಿ, ಫಾರ್ಮು ಮುಂದೆ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಲೂಬೇಡಿ. ಸ್ಟೂಲು ಎಳೆದುಕೊಂಡು ಕುಳಿತು ಹೀಗೆ ಹೇಳಿ: ‘ಅಮ್ಮಾ, ಇದು ಹಳೇ ಮಾತ್ರೆ, ಬೇರೆ ಕಾಯಿಲೆಗೆ ದಿನಾ ಕೊಡ್ತೀವಿ. ಈ ಜ್ವರಕ್ಕೆ ಇದರಿಂದ ಒಳ್ಳೇದಾಗುತ್ತೋ ತೊಂದರೆ ಆಗುತ್ತೋ ನಮಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಅದಕ್ಕೆ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ನೋಡ್ತಿದೀವಿ. ಯಾರಿಗೆ ಕೊಡಬೇಕು ಅಂತ ನಾನು ಆರಿಸೋದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತೆ. ಯಾವ ಕಡೆ ಬಂದ್ರೂ ಡ್ರಿಪ್ಪು, ಆಕ್ಸಿಜನ್ನು, ನಾವು ನೋಡಿಕೊಳ್ಳೋದು ಒಂಚೂರೂ ಕಮ್ಮಿ ಆಗೋದಿಲ್ಲ. ಬೇಡ ಅಂದ್ರೂ ಕಮ್ಮಿ ಆಗೋದಿಲ್ಲ. ನಡುವೆ ಬೇಡ ಅನ್ನಿಸಿದ್ರೆ ಆಗಲೂ ಹೇಳಬಹುದು.’ ಇದನ್ನು ಹೇಳಲು ಐದು ನಿಮಿಷ ಸಾಕು. ‘ಗೊತ್ತಿಲ್ಲ’ ಎಂದು ರೋಗಿಯ ಮುಂದೆ ಒಪ್ಪಿಕೊಳ್ಳುವುದು ಸೋಲಲ್ಲ, ಅದು ಅವಳಿಗೆ ಸಲ್ಲಬೇಕಾದ ಗೌರವ. ಸಾಯುತ್ತಿರುವವರ ಪಾಲನ್ನು ಚೀಟಿಗೆ ಬಿಡುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಗೊತ್ತಿಲ್ಲದ ಔಷಧಿಯನ್ನು ಎಲ್ಲರಿಗೂ ಕೊಡುವುದೂ ಜೂಜೇ, ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಸರಿಯಾದ ಪ್ರಯೋಗದಲ್ಲಿ ಅಂಕಿಅಂಶ ಕಾಯುವ ಸ್ವತಂತ್ರ ಸಮಿತಿ ಇರುತ್ತದೆ. ಒಂದು ಕಡೆ ಸಾವು ಹೆಚ್ಚುತ್ತಿದೆಯೆಂದು ಕಂಡರೆ ಅದು ನಡುವೆಯೇ ನಿಲ್ಲಿಸುತ್ತದೆ.

ಕೊನೆಯದಾಗಿ ನಮ್ಮದೇ ಮಂಗನ ಕಾಯಿಲೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಿದ ವೈರಸ್ಸಿಗೆ ಜಗತ್ತಿನ ಪುಸ್ತಕಗಳಲ್ಲಿ ನಮ್ಮ ಊರಿನ ಹೆಸರೇ ಇದೆ. ಅಷ್ಟು ವರ್ಷಗಳಾದರೂ ಅದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಇದ್ದ ಲಸಿಕೆ ಸರಿಯಾದ ರಕ್ಷಣೆ ಕೊಡುತ್ತಿಲ್ಲವೆಂದು ಅದನ್ನೂ ನಿಲ್ಲಿಸಿದ್ದಾರೆ. ಸೊಪ್ಪು ತರಲು, ದರಗು ಗುಡಿಸಲು ಕಾಡಿಗೆ ಹೋದವರಿಗೆ ಉಣುಗು ಕಚ್ಚುತ್ತದೆ, ವಾರದೊಳಗೆ ಜ್ವರ ಏರುತ್ತದೆ. ಆಗ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮತ್ತೆ ಜ್ವರ, ತಲೆನೋವು, ಕೈನಡುಕ, ಗೊಂದಲ. ಇವು ಎರಡು ಹಂತಗಳು, ಆದ್ದರಿಂದ ಎರಡು ಪ್ರಶ್ನೆಗಳು. ಮೊದಲ ಹಂತದಲ್ಲಿ ವೈರಸ್ ತಡೆಯುವ ಯಾವುದಾದರೂ ಹಳೆಯ ಔಷಧಿ ಕೆಲಸ ಮಾಡೀತೇ? ಎರಡನೆಯದರಲ್ಲಿ ಉರಿಯೂತ ತಣಿಸುವುದರಿಂದ ಒಳಿತೋ ಕೆಡುಕೋ? 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗಲೂ ಈ ಪ್ರಶ್ನೆಗಳು ಇದ್ದವು, ಇಂದಿಗೂ ಇವೆ.

ಈ ಕಾಯಿಲೆಯವರು ಒಂದು ಋತುವಿನಲ್ಲಿ ಕೆಲವು ನೂರು ಜನ, ಕೆಲವು ವರ್ಷ ಅಷ್ಟೂ ಇಲ್ಲ. ಯಾವ ಒಂದು ಆಸ್ಪತ್ರೆಗೂ ಒಂಟಿಯಾಗಿ ಉತ್ತರ ಸಿಗುವುದಿಲ್ಲ. ಶಿವಮೊಗ್ಗ, ಮಣಿಪಾಲ, ಕಾರವಾರ, ಚಿಕ್ಕಮಗಳೂರು, ಗಡಿಯಾಚೆ ವಯನಾಡು, ಗೋವಾ, ಸಿಂಧುದುರ್ಗ, ಇಷ್ಟೂ ಕಡೆಯ ರೋಗಿಗಳು ಒಂದೇ ಪ್ರಯೋಗಕ್ಕೆ ಸೇರಬೇಕು. ವರ್ಷದಿಂದ ವರ್ಷಕ್ಕೆ ಅದೇ ಪ್ರೋಟೊಕಾಲ್ ಮುಂದುವರಿಯಬೇಕು. ಮತ್ತು ಅದು ಕಾಯಿಲೆ ಬರುವ ಮೊದಲೇ ಸಿದ್ಧವಿರಬೇಕು. ಜನವರಿಯಲ್ಲಿ ವಾರ್ಡು ತುಂಬಿದ ಮೇಲೆ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದರೆ ಅನುಮತಿ ಬರುವಷ್ಟರಲ್ಲಿ ಮಳೆ ಬಂದಿರುತ್ತದೆ, ರೋಗಿಗಳು ಗುಣವಾಗಿಯೋ ಇಲ್ಲವಾಗಿಯೋ ಹೋಗಿರುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಈ ವರ್ಷ ಸಿನಾಪ್ಸಿಸ್ ಬರೆಯುವ ಮೊದಲು ಪಕ್ಕದ ಕಾಲೇಜಿನ ನಿಮ್ಮ ಗೆಳೆಯರಿಗೆ ಒಂದು ಫೋನ್ ಮಾಡಿ. ಇಬ್ಬರೂ ಒಂದೇ ಪ್ರಶ್ನೆ ಎತ್ತಿಕೊಳ್ಳಿ, ನಿಮ್ಮ ನಿಮ್ಮ ಗೈಡ್‌ಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಎಥಿಕ್ಸ್ ಕಮಿಟಿಯ ಒಪ್ಪಿಗೆಯನ್ನು ನವೆಂಬರಿನೊಳಗೆ ಪಡೆದಿಟ್ಟುಕೊಳ್ಳಿ. ಆಮೇಲೆ ವಾರ್ಡಿನಲ್ಲಿ ಯಾರಾದರೂ ‘ಇನ್ನೇನಾದ್ರೂ ಕೊಡೋಕಾಗುತ್ತಾ’ ಎಂದು ಕೇಳಿದರೆ ಕೊಡಿ, ಪ್ರಯೋಗದ ಒಳಗೇ ಕೊಡಿ, ಫಲಿತಾಂಶ ಏನೇ ಬಂದರೂ ಪ್ರಕಟಿಸಿ. ಔಷಧಿ ಗೆದ್ದರೆ ಮುಂದಿನ ರೋಗಿ ಉಳಿಯುತ್ತಾನೆ, ಸೋತರೆ ಮುಂದಿನ ರೋಗಿಗೆ ಅದರ ಹಾನಿ ತಪ್ಪುತ್ತದೆ.

ಇಂತಿ,
ವೈದ್ಯಕೀಯ ವಿಭಾಗದ ನಿಮ್ಮ ಹಿರಿಯ ಸಹೋದ್ಯೋಗಿ